ಆಲೂಗಡ್ಡೆ ಮೇಷ್ಟ್ರ ಕಾಲು ಭಾಗ

ಕಾಲೇಜಿನಲ್ಲಿ ಅಪ್ಪನನ್ನು ಎಲ್ಲರೂ ಆಲೂಗಡ್ಡೆ ಮೇಷ್ಟ್ರು ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮೇಷ್ಟ್ರಾಗುವ ಮೊದಲು ಅವರು ಸರ್ಕಾರದ ಬೆಲೆ ಇಲಾಖೆಯಲ್ಲಿ ಕೃಷಿ ಅರ್ಥಶಾಸ್ತ್ರಜ್ಞರು. ಗೋದಾಮಿನಲ್ಲಿ ಆಲೂಗಡ್ಡೆ ಎಷ್ಟು ಕೊಳೆಯುತ್ತದೆ ನೋಡಿಕೊಂಡು ಬನ್ನಿ ಎಂದು ಸಾಹೇಬರು ಕಳಿಸಿದರು. ಆ ವರ್ಷ ವಿಪರೀತ ಮಳೆ, ಗೋದಾಮಿನ ತಗಡು ಬೇರೆ ತೂತು. ಅಪ್ಪ ಮೂಗು ಮುಚ್ಚಿಕೊಂಡೇ ಮೂಟೆ ಬಿಚ್ಚಿಸಿ ತೂಗಿಸಿದರು. ಕಾಲು ಭಾಗ ಕೊಳೆತಿತ್ತು. ಇನ್ನೊಂದು ವರ್ಷ ನೋಡಿ ಹೇಳುತ್ತೇನೆ ಎಂದರೆ ಸಾಹೇಬರಿಗೆ ತಾಳ್ಮೆಯಿಲ್ಲ. ಬರೆದುಕೊಟ್ಟರು. ಅದೇ ನಿಯಮವಾಯಿತು: ರೈತ ತಂದ ತೂಕದಲ್ಲಿ ಕಾಲು ಭಾಗ ಕಳೆದು, ಮಿಕ್ಕಿದ್ದಕ್ಕೆ ಮಾತ್ರ ವ್ಯಾಪಾರಿ ದುಡ್ಡು ಕೊಡಬಹುದು. ವ್ಯಾಪಾರಿಗಳಿಗೆ ಹಾಲು ಕುಡಿದಷ್ಟು ಸಂತೋಷ.

ಆ ವರದಿಯ ಹೆಸರಿನಿಂದಲೇ ಅಪ್ಪನಿಗೆ ಕಾಲೇಜಿನ ಕೆಲಸ ಸಿಕ್ಕಿತು. ಪಠ್ಯಪುಸ್ತಕ ಬರೆದರು, ಕಾಲು ಭಾಗಕ್ಕೆ ಅದರಲ್ಲಿ ಇಡೀ ಒಂದು ಪಾಠ. ಕಾಲ ಕಳೆದು ಗೋದಾಮುಗಳಿಗೆ ಗಟ್ಟಿ ಚಾವಣಿ ಬಂತು, ತಂಪು ಯಂತ್ರ ಬಂತು, ಕೊಳೆಯುವುದು ಬೊಗಸೆಯಷ್ಟಾಯಿತು. ಕಡಿತ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಪ್ಪ ತಾವೇ ಹೋಗಿ ಮತ್ತೆ ತೂಗಿಸಿ ಬಂದ ದಿನ ಊಟ ಮುಟ್ಟಲಿಲ್ಲ.

"ಕೈಯಾರೆ ರೈತರ ಹೊಟ್ಟೆ ಮೇಲೆ ಹೊಡೆದೆ ಕಣೇ" ಎಂದು ಅಮ್ಮನ ಮುಂದೆ ಅತ್ತರು. ನಿವೃತ್ತಿಯೊಳಗೆ ಅದನ್ನು ತೆಗೆಸಲೇಬೇಕು ಎಂದು ಹಟ ಹಿಡಿದರು.

ನಿಯಮ ತೆಗೆಯುವ ಅಧಿಕಾರವಿದ್ದ ಬೆಲೆ ಸಮಿತಿಗೆ ಹೋದರೆ ಅಲ್ಲಿ ಕೂತವರೆಲ್ಲ ಅವರ ಶಿಷ್ಯರೇ. ಎದ್ದು ನಿಂತರು, ಮೆತ್ತನೆಯ ಕುರ್ಚಿ ಹಾಕಿಸಿದರು, ಟೀ ತರಿಸಿದರು. ಅಪ್ಪನ ಚೀಲ ಹಿಡಿದು ನಾನೂ ಹಿಂದೆ ಕೂತಿದ್ದೆ.

"ಸರ್, ಕಾಲು ಭಾಗ ನೀವೇ ಕಲಿಸಿದ್ದಲ್ವಾ?" ಎಂದರು ಅಧ್ಯಕ್ಷರು.

"ಕಲಿಸಿದ್ದು ತಪ್ಪಪ್ಪ. ಒಂದೇ ವರ್ಷ ನೋಡಿ ಬರೆದುಬಿಟ್ಟೆ."

"ಒಂದೇ ವರ್ಷದ ಲೆಕ್ಕ ನಂಬ್ಕೊಂಡು ನಿಯಮ ಬದಲಾಯಿಸಬಾರದು ಅಂತಾನೂ ನೀವೇ ಬರೆದಿದೀರಲ್ಲ ಸರ್. ಈಗ ತೂಗಿಸಿದ್ದೂ ಒಂದೇ ವರ್ಷ ತಾನೆ?"

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮರುದಿನ ಅಪ್ಪ ಅದೇ ಪಾಠ ಮಾಡಬೇಕಿತ್ತು. ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ, ಬಿಡುವಂತಿಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ ಗೋಡೆ ನೋಡಿಕೊಂಡು ಹೇಳಿ ಮುಗಿಸಿದರು. ಎದುರಿನ ಬೆಂಚಿನಲ್ಲಿ ನಾನೇ ಇದ್ದೆ.

ಪರೀಕ್ಷೆಯ ಹಿಂದಿನ ಸಂಜೆ ಅವರು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಅಪ್ಪ, ನಾನು ನಿಜ ಬರೀತೀನಿ" ಎಂದೆ.

"ಬೇಡಮ್ಮ. ಪೇಪರ್ ತಿದ್ದೋರು ನನ್ನ ಶಿಷ್ಯರು. ಸೊನ್ನೆ ಹಾಕ್ತಾರೆ."

ಪುಸ್ತಕದಲ್ಲಿದ್ದುದನ್ನೇ ಬರೆದೆ. ತರಗತಿಗೇ ಮೊದಲು ಬಂದೆ. ಅಪ್ಪ ನಿವೃತ್ತರಾದರು, ನನಗೆ ಅದೇ ಬೆಲೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನವೇ ಸಾಹೇಬರು ಕರೆದು, ಈರುಳ್ಳಿ ಎಷ್ಟು ಕೊಳೆಯುತ್ತದೆ ನೋಡಿಕೊಂಡು ಬನ್ನಿ, ಬೇಗ ವರದಿ ಬೇಕು ಎಂದರು.

ಸಂಜೆ ಮನೆಗೆ ಬಂದು ಹೇಳಿದೆ. ಅಪ್ಪ ನೀರು ತೊಟ್ಟಿಕ್ಕುತ್ತಿದ್ದ ನನ್ನ ಛತ್ರಿಯನ್ನೇ ನೋಡುತ್ತಾ ಕೂತರು.

"ಇನ್ನೊಂದು ವರ್ಷ ನೋಡ್ಬೇಕು ಅಂತ ಹೇಳಮ್ಮ" ಎಂದರು.

"ಹೇಳಿದೆ ಅಪ್ಪ."