ಒಂದು ದಿನದ ಮೆಕ್ಸಿಕೋ

ಜನವರಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಮೆಕ್ಸಿಕೋಗೆ ಹೊರಟೆವು. ನಾವು ಎಂದರೆ ನಾನು, ನನ್ನ ಮಗಳು ಶಶಿಕಲಾ, ಕಾರು ಬಿಡುವ ಹಮೀದ್. ಡಿಕ್ಕಿಯಲ್ಲಿ ಮಡಚಿದ ಗಾಲಿಕುರ್ಚಿ ಇತ್ತು, ನನ್ನ ಮಡಿಲಲ್ಲಿ ಗಂಜಿಯ ಫ್ಲಾಸ್ಕು. ನಿಜವಾಗಿ ಹೋದದ್ದು ದುಬೈಗೆ.

ಶಶಿ ಅಬುಧಾಬಿಯಲ್ಲಿ ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿದವಳು. ಮದುವೆ ಆಗಲಿಲ್ಲ. ಎರಡು ವರ್ಷದಿಂದ ಮೆಕ್ಸಿಕೋಗೆ ಹೋಗುವ ತಯಾರಿ ಮಾಡುತ್ತಿದ್ದಳು. ಹನ್ನೊಂದು ದಿನದ ಪ್ರವಾಸ. ನಾಲ್ಕು ದಿನ ಪೇಟೆ, ನಾಲ್ಕು ದಿನ ಕಡಲು, ಮೂರು ದಿನ ಹಳೇ ಕಲ್ಲಿನ ಊರು. ಮೂರರ ಚಿತ್ರವನ್ನೂ ಫ್ರಿಜ್ಜಿಗೆ ಅಂಟಿಸಿದ್ದಳು. ಕಲ್ಲಿನ ಊರಿನ ಚಿತ್ರದಲ್ಲಿ ಗುಡ್ಡದಷ್ಟು ಎತ್ತರದ ಮೆಟ್ಟಿಲುಗಳಿದ್ದವು. ಅಷ್ಟರಲ್ಲಿ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಇನ್ನು ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವಳನ್ನು ಊರಿಗೆ ಕರೆದುಕೊಂಡು ಹೋಗಲು ನಾನು ವಿಸಿಟ್ ವೀಸಾದಲ್ಲಿ ಬಂದೆ. ಮಂಗಳೂರಿಗೆ ಮೂರೂವರೆ ಗಂಟೆಯ ವಿಮಾನ, ಅಷ್ಟನ್ನು ಈಗ ತಡೆದುಕೊಳ್ಳುತ್ತಾಳೆ, ಇನ್ನೊಂದು ತಿಂಗಳು ಬಿಟ್ಟರೆ ಅದೂ ಇಲ್ಲ ಎಂದಿದ್ದರು. ಶಶಿ ಒಪ್ಪಲಿಲ್ಲ.

"ಊರಿಗೆ ಬಂದ್ರೆ ಎಲ್ಲ ಬ್ರೆಡ್ಡು, ಕಿತ್ತಳೆ ಹಿಡ್ಕೊಂಡು ನೋಡ್ಲಿಕ್ಕೆ ಬರ್ತಾರೆ. ನಾನೆಂತ ಕೋಲದ ವೇಷವಾ? ಮೆಕ್ಸಿಕೋ ಮುಗೀದೆ ನಾನು ಎಲ್ಲಿಗೂ ಬರುದಿಲ್ಲ."

"ಹಾಗಾದ್ರೆ ಪೇಟೆ, ಕಡಲು, ಕಲ್ಲಿನ ಊರು ಮೂರನ್ನೂ ಇಲ್ಲೇ ಮುಗಿಸುವ," ಎಂದೆ ನಾನು. ಶಶಿಗೆ ಪರಿಚಯದ ಹಮೀದನಿಗೆ ಫೋನ್ ಮಾಡಿಸಿದೆ. ಅವನು ನಮ್ಮ ಕಡೆಯ ದೇರಳಕಟ್ಟೆಯವನು, ಐವತ್ತು ದಾಟಿದ ಬ್ಯಾರಿ. ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಡ್ರೈವರ್, ಭಾನುವಾರ ರಜೆ.

ದಾರಿ ನೂರನಲವತ್ತು ಕಿಲೋಮೀಟರು. ಎರಡೂ ಕಡೆ ಮರಳು, ಅದರ ಮೇಲೆ ಮಂಜು. ಜೆಬೆಲ್ ಅಲಿ ಬಂದಾಗ ಹಮೀದ್ ತನ್ನ ಕಂಪನಿಯ ಬಸ್ಸು ತೋರಿಸಿದ. ಶಶಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ನಾನು ಅವಳ ಎದೆ ಏಳುತ್ತದೆಯೇ ಎಂದು ನೋಡುತ್ತ ಕುಳಿತೆ. ಬಸ್ಸು ನೋಡಲಿಲ್ಲ.

ದುಬೈಯ ಹಳೇ ಪೇಟೆ ದೇರಾ ಮುಟ್ಟಿದಾಗ ಒಂಬತ್ತಾಗಿತ್ತು. "ಮೆಕ್ಸಿಕೋ ಪೇಟೆ ಬಂತು, ಇಳಿಯುವವರು ಇಳೀರಿ. ಯಲ್ಲಾ, ಬೇಗ ಬೇಗ," ಎಂದ ಹಮೀದ್.

"ಹಮೀದಾಕ, ಮೆಕ್ಸಿಕೋದಲ್ಲಿ ಇಷ್ಟು ಬಂಗುಡೆ ವಾಸನೆ ಇಲ್ಲ," ಎಂದಳು ಶಶಿ.

"ನೀವು ಮೂಸಿ ಬಂದಿದ್ದೀರಾ?"

ಶಶಿ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು. ಮಸಾಲೆ ಅಂಗಡಿಗಳ ಓಣಿಯಲ್ಲಿ ಕುರ್ಚಿ ತಳ್ಳಿದೆವು. ಒಬ್ಬ ಅಂಗಡಿಯವ ಅವಳ ಕೈಗೆ ನಾಲ್ಕು ಏಲಕ್ಕಿ ಕೊಟ್ಟ. ಆಮೇಲೆ ದೋಣಿಯಲ್ಲಿ ಕಾಲುವೆ ದಾಟಿದೆವು. ಒಬ್ಬರಿಗೆ ಒಂದು ದಿರಮ್. ದೋಣಿಯವರು ಇಬ್ಬರು ಸೇರಿ ಅವಳನ್ನು ಕುರ್ಚಿಸಮೇತ ಎತ್ತಿ ಇಟ್ಟರು. ಬುಟ್ಟಿಯಷ್ಟೂ ಭಾರ ಇರಲಿಲ್ಲ ಎಂದು ಅವರ ಮುಖದಲ್ಲೇ ಕಂಡಿತು. ಆಚೆ ದಡದಲ್ಲಿ ನಾವಿಬ್ಬರು ನೀರುದೋಸೆ ತಿಂದೆವು. ಶಶಿ ಎರಡು ಚಮಚ ಗಂಜಿಯ ತಿಳಿ ಕುಡಿದಳು. ಒಂದು ಚಮಚ ಹೊರಗೆ ಬಂತು.

"ಪೇಟೆ ಆಯ್ತು," ಎಂದಳು.

ಜುಮೇರಾದ ಕಡಲಿಗೆ ಹೋಗುವಾಗ ಹನ್ನೆರಡು. ಬಿಸಿಲಿತ್ತು, ಗಾಳಿ ತಣ್ಣಗಿತ್ತು. ಗಾಲಿ ಮರಳಿನಲ್ಲಿ ಹೂತುಹೋಯಿತು. ನಾನು ಕಾಲಿನ ಕಡೆ, ಹಮೀದ್ ತಲೆಯ ಕಡೆ ಹಿಡಿದು ನೀರಿನವರೆಗೆ ಹೊತ್ತೆವು. ಸುತ್ತ ಬಿಳಿಯರು ಬಟ್ಟೆ ಬಿಚ್ಚಿ ಮಲಗಿದ್ದರು. ಹಮೀದ್ ಕಣ್ಣು ತಗ್ಗಿಸಿ ನಡೆದ. ಎರಡು ತೆರೆ ಶಶಿಯ ಪಾದಕ್ಕೆ ಬಡಿದವು. ಅವಳ ಕಾಲು ನನ್ನ ಕೈಯಷ್ಟು ಸಪೂರ ಆಗಿತ್ತು.

"ಮಲ್ಪೆಯ ನೀರೇ ಇದು ಅಮ್ಮ. ಇವ್ರು ಸ್ವಲ್ಪ ಇಸ್ತ್ರಿ ಹಾಕಿದ್ದಾರೆ." ಸ್ವಲ್ಪ ಹೊತ್ತು ಬಿಟ್ಟು, "ಸಾಕು," ಎಂದಳು.

ಉಳಿದದ್ದು ಕಲ್ಲಿನ ಊರು. ಅದೂ ಜುಮೇರಾದಲ್ಲೇ, ದೊಡ್ಡ ಮನೆಗಳ ನಡುವೆ ಬೇಲಿ ಹಾಕಿದ ಜಾಗ. ಕಾರು ನಿಂತಾಗ ಶಶಿಗೆ ಏಳಲು ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದ್ದಳು, ಹಣೆ ಒದ್ದೆ.

"ನೀ ಹೋಗಿ ನೋಡಿ ಬಾ. ಆದ್ರೆ ಚಂದ ಮಾಡಿ ಹೇಳ್ಬೇಡ. ಉಂಟಾದ್ದು ಹೇಳು."

ನಾನು ಒಬ್ಬಳೇ ಹೋದೆ. ಬೋರ್ಡು ಅರಬ್ಬಿ, ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ. ಆದರೆ ಗಂಡ ಸತ್ತ ಮೇಲೆ ಕಟಪಾಡಿಯಲ್ಲಿ ಮೇಸ್ತ್ರಿಯ ಹಿಂದೆ ಹನ್ನೆರಡು ವರ್ಷ ಕೆಂಪುಕಲ್ಲು ಹೊತ್ತವಳು ನಾನು, ಗೋಡೆ ನನಗೆ ಗೊತ್ತು. ಒಂದೊಂದು ಗೋಡೆಯನ್ನೂ ಮುಟ್ಟಿ ನೋಡಿದೆ. ಅರ್ಧ ಗಂಟೆ ಬಿಟ್ಟು ಕಾರಿಗೆ ಬಂದೆ.

"ಮೆಟ್ಟಿಲು ಎಷ್ಟು ಉಂಟು?" ಕಣ್ಣು ಮುಚ್ಚಿಯೇ ಕೇಳಿದಳು.

"ಹಾಗಿನ ಮೆಟ್ಟಿಲು ಇಲ್ಲ. ಗೋಡೆ ನನ್ನ ಮೊಣಕಾಲಿಗೆ ಬರ್ತದೆ."

"ಅಷ್ಟೆಯಾ?"

"ಅಷ್ಟೆ. ಕಡಲ ಕಲ್ಲು, ಮೇಲೆ ಗಾರೆ. ಅಂಗಳದ ಸುತ್ತ ಸಾಲು ಕೋಣೆ. ಒಂಟೆ ಕಟ್ಟಿಕೊಂಡು ಬಂದವ್ರು ಒಂದೆರಡು ದಿನ ಉಳಿದು ಹೋಗ್ತಿದ್ದ ಜಾಗವಂತೆ, ಕಾವಲಿನವ ಹೇಳಿದ. ಕಿಟಕಿ ಇತ್ತಾ ಅಂತ ಗೊತ್ತಾಗುದಿಲ್ಲ, ಗೋಡೆ ಅಷ್ಟು ಉಳೀಲಿಲ್ಲ. ಒಂದು ಹೊಸ್ತಿಲು ನಡುವೆ ಸವೆದಿದೆ. ತುಂಬ ಜನ ತುಳಿದಿದ್ದಾರೆ."

ಶಶಿ ಕಣ್ಣು ತೆರೆದಳು. ಹಮೀದ್ ಏಸಿ ಕಡಿಮೆ ಮಾಡಿದ.

"ಊರಲ್ಲಿ ನನ್ನನ್ನು ನೋಡ್ಲಿಕ್ಕೆ ಯಾರೂ ಕೋಣೆಯ ಹೊಸ್ತಿಲು ದಾಟ್ಬಾರ್ದು. ಚಿಕ್ಕಮ್ಮ ಬಂದ್ರೂ. ನಿನ್ನಿಂದ ಆಗ್ತದಾ?"

"ಆಗ್ತದೆ."

"ಹಾಗಾದ್ರೆ ಟಿಕೆಟ್ ಮಾಡ್ಸು. ಮೆಕ್ಸಿಕೋ ಖಲಾಸ್."

ಹಮೀದ್ ಪೆಟ್ರೋಲಿನ ದುಡ್ಡು ಸಹ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ನಾನು ಫ್ರಿಜ್ಜಿನ ಚಿತ್ರ ಮೂರನ್ನೂ ಕಿತ್ತೆ. ನಾಲ್ಕನೆಯ ದಿನ ಮಂಗಳೂರಿನಲ್ಲಿ ಇಳಿದೆವು.

ಅವಳು ಹೇಳಿದಂತೆಯೇ ಎಲ್ಲರೂ ಬ್ರೆಡ್ಡು, ಕಿತ್ತಳೆ ಹಿಡಿದುಕೊಂಡು ಬಂದರು. ಹೊಸ್ತಿಲ ಮೇಲೆ ಕೂರಬಾರದು ಎನ್ನುತ್ತಾರೆ. ನಾನು ಅಲ್ಲೇ ಕುಳಿತೆ. ನನ್ನ ಸ್ವಂತ ತಂಗಿಯನ್ನೂ ಒಳಗೆ ಬಿಡಲಿಲ್ಲ. ಅವಳು ಈಗಲೂ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬಂದವರನ್ನು ಚಾವಡಿಯಲ್ಲಿ ಕೂರಿಸಿ ಚಹಾ ಕೊಟ್ಟು, ಇಲ್ಲಿ ಬರೆದ ಈ ಪ್ರಯಾಣವನ್ನೇ ಹೇಳುತ್ತಿದ್ದೆ. ದೋಣಿಯ ಮಾತು ಬಂದಾಗ ಬೇಕೆಂದೇ, "ಒಬ್ಬರಿಗೆ ಎರಡು ದಿರಮ್," ಎನ್ನುತ್ತಿದ್ದೆ.

"ಒಂದು ಅಮ್ಮ, ಒಂದು," ಎಂದು ಒಳಗಿನಿಂದ ಶಶಿ ತಿದ್ದುತ್ತಿದ್ದಳು. ಅವಳಿಗೆ ಎಚ್ಚರ ಉಂಟು ಎಂದು ನನಗೆ ಗೊತ್ತಾಗುತ್ತಿತ್ತು. ದಿನ ಹೋದ ಹಾಗೆ ಸ್ವರ ಸಣ್ಣದಾಯಿತು.

ಊರಿಗೆ ಬಂದ ಇಪ್ಪತ್ತಮೂರನೆಯ ದಿನ ಪಕ್ಕದ ಮನೆಯ ಗಿರಿಜಕ್ಕ ಬಂದಿದ್ದರು. ಪೇಟೆ ಹೇಳಿದೆ, ಏಲಕ್ಕಿ ಕೊಟ್ಟವನನ್ನು ಹೇಳಿದೆ. ದೋಣಿಗೆ ಎರಡು ದಿರಮ್ ಎಂದೆ. ಸ್ವಲ್ಪ ಕಾದು, ಒಳಗೆ ಕೇಳುವ ಹಾಗೆ ಇನ್ನೊಮ್ಮೆ ಎಂದೆ. ಆಮೇಲೆ ಎದ್ದು, ಗಿರಿಜಕ್ಕನಿಗೆ ಹೊಸ್ತಿಲು ಬಿಟ್ಟುಕೊಟ್ಟೆ.