ಮೈಕಿನ್ಯಾಗ ಕೇಳಿದ ಮಾಫಿ

ಅಕ್ಕಲಕೋಟದ ಮುಖಂಡರಿಗೆ ಮಾಫಿ ಕೇಳೂದು ಕಲಿಸಿದಾಂವ ನಾನೇ. ಸುಳ್ಳು ಬಿಡ್ರಿ, ಕಲಿಸಿದಾಕಿ ದುಧನಿ ಬಾಜಾರದಾಗ ಚಹಾ ಮಾರುವ ಗಂಗವ್ವ. ಎಪ್ಪತ್ತರ ದಶಕದ ಒಂದು ಇಲೆಕ್ಷನ್ನಿನ್ಯಾಗ ನಾನು ಈ ಮುಖಂಡ ಸಾಹೇಬರ ಜೀಪು ಹೊಡೆದು ಮೈಕ್ ನೋಡಿಕೊಳ್ಳುವಾಂವ.

ಹಿಂದಿನ ಸಲ ಸೋತಾಗ ಸಾಹೇಬರು ಇದೇ ಬಾಜಾರದಾಗ ಮೈಕ್ ಹಿಡಿದು, "ದುಧನಿ ಹೆಂಗಸರು ಸೀರಿಗೆ ವೋಟು ಮಾರ್ಯಾರ" ಅಂದಿದ್ದರು. ಈ ಸಲ ಪ್ರಚಾರಕ್ಕ ಹೋದಾಗ ಗಂಗವ್ವ ಜೀಪಿಗೆ ಅಡ್ಡ ನಿಂತು ಅದನ್ನ ನೆನಪು ಮಾಡಿದಳು.

ಸಾಹೇಬರು ಕೆಳಗಿಳಿದು ಮೆಲ್ಲಗ, "ಯಾರಿಗರೆ ನೋವಾಗಿದ್ದರ ಮಾಫಿ ಮಾಡ್ರಿ ಅವ್ವಾ" ಅಂದರು.

"ಯಾರಿಗರೆ ಅಂದ್ರ ಯಾರಿಗಪ್ಪಾ? ಬೈಯುವಾಗ ಊರ ಹೆಸರು ಹೇಳಿ ಮೈಕಿನ್ಯಾಗ ಬೈದಿ. ಮಾಫಿ ಮಾತ್ರ ಕಿವ್ಯಾಗ ಕೇಳ್ತೀ?"

ಜೀಪು ಬಿಡು ಅಂತ ಸಾಹೇಬರು ನನಗ ಕಣ್ಣಸನ್ನಿ ಮಾಡಿದರು. ನಾನು ತಿಳಿಯದವನಂಗ ಮೈಕ್ ಚಾಲೂ ಮಾಡಿ ಅವರ ಕೈಯಾಗ ಇಟ್ಟೆ.

ಸಾಹೇಬರು ಮೈಕ್ ಬಾಯಿಗೆ ಹಿಡಿದು, "ದುಧನಿ ಹೆಂಗಸರಿಗೆ ನಾ ಹಂಗ ಅಂದಿದ್ದೆ. ಅದು ಸುಳ್ಳು. ಸೋತ ಸಿಟ್ಟು ನಿಮ್ಮ ಮ್ಯಾಲ ತೀರಿಸಿದೆ. ತಪ್ಪಾತು" ಅಂದರು.

"ಈಗ ಕೇಳಿಸ್ತು. ವೋಟಿನ ಮಾತು ಇವತ್ತ ಬ್ಯಾಡ, ಚಹಾ ಕುಡದು ಹೋಗು" ಅಂದಳು ಗಂಗವ್ವ.

ಹೊಳ್ಳಿ ಬರುವಾಗ ನನ್ನ ನೌಕರಿ ಹೋತು ಅಂದುಕೊಂಡಿದ್ದೆ. ಸಾಹೇಬರು ಭುಜ ಹಿಡಿದು, "ಛಲೋ ಮಾಡಿದಿ ತಮ್ಮಾ, ಎದಿ ಹಗುರಾತು" ಅಂದರು.

ಅವರು ಆರಿಸಿ ಬಂದರೋ ಇಲ್ಲೋ ಕೇಳಬ್ಯಾಡ್ರಿ, ಒಬ್ಬೊಬ್ಬರಿಗೆ ಒಂದೊಂದು ಹೇಳೀನಿ. ಮಾಫಿ ಕೇಳೂದು ಕಲಿಸಿದ ಗಂಗವ್ವನ ಉಪಕಾರ ಮಾತ್ರ ಖರೇ. ಇಷ್ಟು ಖರೇ ಹೇಳಿದ್ದಕ್ಕ ಈಗ ಇಲ್ಲಿ ಕುಡದ ನನ್ನ ಚಹಾದ ರೊಕ್ಕ ನೀವು ಕೊಡ್ರಿ; ಅದನ್ನ ಮೈಕಿನ್ಯಾಗ ಹೇಳೂದು ಬ್ಯಾಡ.