ದುಡ್ಡು ಕೊಟ್ಟವನಿಗೆ ಕೇಳಿಸದ ಹಾಡು

ಕಾಲರ್ ಟ್ಯೂನ್ ಹೊಸದಾಗಿ ಬಂದಿದ್ದ ಕಾಲ. ನನ್ನ ಹೆಂಡತಿಯ ತಮ್ಮ ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ನೂಲಿನ ದಲ್ಲಾಳಿ ಕೆಲಸಕ್ಕೆ ಇಳಿದಿದ್ದ. ಸಿಂಗಾನಲ್ಲೂರಿನ ಒಂದು ಮಿಲ್ಲಿನ ಮ್ಯಾನೇಜರ್ ನೂಲು ಕೊಟ್ಟರೆ ಅವನಿಗೆ ಬದುಕು, ಇಲ್ಲವಾದರೆ ಮತ್ತೆ ಮಗ್ಗದ ಕೂಲಿ. ತನಗೆ ಫೋನ್ ಮಾಡಿದಾಗ ಆ ಮ್ಯಾನೇಜರ್ ಕಿವಿಗೆ ಇಂಪಾಗಲಿ ಎಂದು ಈ ಮಹಾನುಭಾವ 'ಸ್ಟೀರಿಯೋ ಕ್ವಾಲಿಟಿ' ನಾದಸ್ವರ ಹಾಕಿಸಿಕೊಂಡ. ತಿಂಗಳ ಚಂದಾ ಸಾದಾ ಟ್ಯೂನಿನ ದುಪ್ಪಟ್ಟು.

ನಾನು ಫೋನ್ ಮಾಡಿ ಕೇಳಿದೆ. ಎಣ್ಣೆ ಡಬ್ಬಿಯೊಳಗೆ ಕಣಜದ ಹುಳ ಸಿಕ್ಕಿಕೊಂಡ ಹಾಗಿತ್ತು. ಮ್ಯಾನೇಜರ್ ಎರಡು ಸಲ ಲೈನ್ ಕೆಟ್ಟಿದೆಯೆಂದು ಇಟ್ಟುಬಿಟ್ಟರು ಎಂದು ಅವರ ಗುಮಾಸ್ತನೇ ನನಗೆ ಹೇಳಿದ.

"ತೆಗೆಸೋ ಅದನ್ನ" ಎಂದೆ.

"ಅದು ಸ್ಟೀರಿಯೋ ಬಾವ. ತರಿ ಸದ್ದಿಗೆ ನಿಮ್ ಕಿವಿ ಹೋಗ್ಬುಟ್ಟದೆ."

ತರಿ ಎಂದರೆ ಮಗ್ಗ; ಇಷ್ಟು ವರ್ಷ ಮಗ್ಗಗಳ ನಡುವೆ ಬದುಕಿದವನಿಗೆ ಆ ಮಾತು ನಾಟಿತು. ಆದರೆ ನೂಲು ಸುತ್ತಿದ ಕೋನಿನ ಮೇಲೆ ಅಂಟಿಸಿದ ಚೀಟಿ ನಂಬಿ ನಾನು ನೂಲು ಕೊಂಡವನಲ್ಲ; ನಾಲ್ಕು ಮಾರು ಎಳೆದು, ಹರಿದು ನೋಡಿಯೇ ಬೆಲೆ ಮಾತಾಡುವುದು. ಅದೇ ನಾದಸ್ವರವನ್ನು ನನ್ನ ಫೋನಿಗೆ ಸಾದಾ ದರದಲ್ಲಿ ಹಾಕಿಸಿ, ಆ ಸ್ಟೀರಿಯೋ ಪ್ಯಾಕ್ ಮಾರಿದ ಅಂಗಡಿಗೆ ಅವನನ್ನು ಎಳೆದುಕೊಂಡು ಹೋದೆ. ಅಂಗಡಿಯವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಅವನ ಲ್ಯಾಂಡ್‌ಲೈನಿನಿಂದಲೇ ಎರಡೂ ನಂಬರಿಗೆ ಒಂದಾದ ಮೇಲೊಂದು ಡಯಲ್ ಮಾಡಿ ರಿಸೀವರನ್ನು ಅವನ ಕಿವಿಗೆ ಹಿಡಿದೆ.

"ದುಬಾರಿದು ಯಾವುದಪ್ಪಾ?"

"ಮೊದಲ್ನೇದು ಸಾರ್! ಎಷ್ಟು ಕ್ಲಿಯರ್!"

ಮೊದಲನೆಯದು ನನ್ನದು. ರೀಚಾರ್ಜಿಗೆ ನಿಂತಿದ್ದವರು ನಕ್ಕರು. ಅಂಗಡಿಯವನಿಗೆ ನಾಚಿಕೆ ಎಂಬುದೇ ಇರಲಿಲ್ಲ.

"ಕಂಪನಿಯೋರು ಸ್ಟೀರಿಯೋನೇ ಕಳಿಸ್ತಾರೆ ಸಾರ್. ಕೇಳೋರ ರಿಸೀವರಲ್ಲಿ ಒಂದೇ ಸ್ಪೀಕರ್ ಇದ್ರೆ ನಾನೇನ್ ಮಾಡ್ಲಿ?"

ಯಾವುದಕ್ಕೇ ಚಂದಾ ಕಟ್ಟುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಅದನ್ನು ಅನುಭವಿಸುವವರು ಯಾರು? ತನ್ನ ಟ್ಯೂನನ್ನು ತಾನೇ ಕೇಳಲಾಗದವನಿಗೆ ಗಾಳಿಯನ್ನೂ ತೂಕ ಹಾಕಿ ಮಾರಬಹುದು.

ನನ್ನ ಭಾಮೈದ ತಲೆ ತಗ್ಗಿಸಿ ಅಲ್ಲೇ ಪ್ಯಾಕ್ ತೆಗೆಸಿದ. ಬೀದಿಗೆ ಬಂದು, ತಾನಾಗಿಯೇ ಮ್ಯಾನೇಜರಿಗೆ ಫೋನ್ ಹಚ್ಚಿದ. ಅವನ ಮುಖ ಬದಲಾಯಿತು. ಫೋನನ್ನು ನನ್ನ ಕಿವಿಗೆ ಒತ್ತಿದ. ಮ್ಯಾನೇಜರ್ ಹಾಕಿಸಿಕೊಂಡ ಟ್ಯೂನ್: ಯಾವುದೋ ವೀಣೆ, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಮಿಲ್ಲಿಗೆ ಬರುವ ಹತ್ತಿಯ ಪ್ರತಿ ಮೂಟೆಯಲ್ಲೂ ತಪ್ಪು ಹುಡುಕುವ ಆ ದೊಡ್ಡ ಮನುಷ್ಯನೂ ಇದೇ ಸ್ಟೀರಿಯೋ ಪ್ಯಾಕನ್ನು ಕಣ್ಣುಮುಚ್ಚಿ ಕೊಂಡಿದ್ದ.

ಆ ಕಡೆ ಎತ್ತಿದರು. ಭಾಮೈದ ಫೋನ್ ಕಿತ್ತುಕೊಂಡು, ತಮಿಳು ಬೆರೆಸಿ ಅವರ ಟ್ಯೂನನ್ನು ಹೊಗಳಿದ.

"ಸಾರ್, ಉಂಗ ಟ್ಯೂನ್ ಸೂಪರ್ ಸಾರ್! ಸಂಗೀತ ಕಚೇರಿಲಿ ಕೂತ ಮಾದಿರಿ!"

ಸ್ವಲ್ಪ ಹೊತ್ತು ಕೇಳಿಸಿಕೊಂಡು, ಹಲ್ಲು ಬಿಟ್ಟ.

"ನೂಲಿಗೆ ಸೋಮವಾರ ಲಾರಿ ತರಕ್ಕೆ ಹೇಳ್ದ್ರು ಬಾವ."